ಮೊದ್ಲು ಟ್ರಾಲಿ ಹಿಡ್ಕೊಳ್ಲಿ, ರೆಕಾರ್ಡ್ ಆಮೇಲೆ ಬರೀಲಿ

ಬಲ, ವೇಗೋತ್ಕರ್ಷದ ಪ್ರಯೋಗಕ್ಕೆ ಮಕ್ಕಳನ್ನ ತಯಾರು ಮಾಡೋದು ಅಂದ್ರೆ ಬಹಳ ಜನ ಮೇಷ್ಟ್ರಿಗೆ ಒಂದೇ ಅರ್ಥ. ಉದ್ದೇಶ, ಸಾಮಗ್ರಿ, ಸೂತ್ರ, ವಿಧಾನ ಎಲ್ಲಾ ಹಿಂದಿನ ದಿನಾನೇ ರೆಕಾರ್ಡ್‌ನಲ್ಲಿ ಬರ್ಕೊಂಡ್ ಬನ್ನಿ ಅನ್ನೋದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿಸ್ದೆ. ನೀಟಾಗಿ ಬರ್ಕೊಂಡ್ ಬರ್ತಾರೆ, ಒಂದಕ್ಷರ ತಲೆಗೆ ಹೋಗಿರಲ್ಲ. ಈಗ ಬಿಟ್ಬಿಟ್ಟಿದೀನಿ, ಬೈಯೋರು ಬೈಲಿ.

ಈಗ ಸೀದಾ ಟ್ರ್ಯಾಕ್ ಹತ್ರಾನೇ ನಿಲ್ಲಿಸ್ತೀನಿ. 500 ಗ್ರಾಂ ಟ್ರಾಲಿ, ಅದಕ್ಕೆ ಕಟ್ಟಿದ ದಾರ ರಾಟೆ ಮೇಲಿಂದ ಇಳಿದಿರುತ್ತೆ, ತುದೀಲಿ ಹ್ಯಾಂಗರೂ (ತೂಕ ಹಾಕೋ ಕೊಕ್ಕೆ) ಸೇರಿ 50 ಗ್ರಾಂ. ಒಬ್ಬರಿಗೆ ಟ್ರಾಲಿ ಹಿಡ್ಕೊಳ್ಳೋಕೆ ಹೇಳಿ, ದಾರದಲ್ಲಿ ಟೆನ್ಷನ್, ಅಂದ್ರೆ ದಾರದ ಎಳೆತ, ಎಷ್ಟು ಅಂತ ಕೇಳ್ತೀನಿ (ಹಿಂದಿನಿಂದ "ನಮಗಿರೋಷ್ಟಿಲ್ಲ ಸಾರ್" ಅಂತ ಒಂದು ದನಿ ಬಂದೇ ಬರುತ್ತೆ). 0.49 ನ್ಯೂಟನ್, ಸರಿ. ಕೈ ಬಿಟ್ಮೇಲೆ? ಹೆಚ್ಚುಕಮ್ಮಿ ಎಲ್ರೂ ಅಷ್ಟೇ ಅಂತಾರೆ, ತೂಕ ಅದೇ ಅಲ್ವಾ ಸಾರ್ ಅಂತಾರೆ. ಆಗ ನಾನು ಉತ್ತರ ಹೇಳಲ್ಲ, ಮೇಲಕ್ಕೆ ದಾರ 0.49 ಎಳೀತಿದೆ, ಕೆಳಕ್ಕೆ ಭೂಮಿನೂ 0.49 ಎಳೀತಿದೆ, ಹಂಗಿದ್ಮೇಲೆ ನಿಂತಿದ್ದ ತೂಕ ಕೆಳಗೆ ಯಾಕ್ ಹೋಗ್ಬೇಕು ಅಂತ ಮಾತ್ರ ಕೇಳಿ ಸುಮ್ನಾಗ್ತೀನಿ. ಆ ಅರ್ಧ ನಿಮಿಷದ ಮೌನಕ್ಕೋಸ್ಕರಾನೇ ಈ ಕೆಲಸದಲ್ಲಿ ಇದೀನೇನೋ ಅನ್ಸುತ್ತೆ. ಆಮೇಲೆ ಫೋರ್ಸ್ ಸೆನ್ಸರ್ ಹಾಕಿ ನೋಡಿದ್ರೆ ಬಿಟ್ಟ ತಕ್ಷಣ ಸುಮಾರು 0.45ಕ್ಕೆ ಇಳಿಯುತ್ತೆ. 0.49 ಎಳೀತಿರೋದು ಬರೀ ಟ್ರಾಲೀನಲ್ಲ, ಟ್ರಾಲಿ, ತೂಕ ಎರಡೂ ಸೇರಿದ 550 ಗ್ರಾಂನ ಅನ್ನೋದು ಆಗ ಅವರಿಗೇ ಹೊಳೆಯುತ್ತೆ.

ಇದು ಹೊಳೆದಿದ್ರೆ ಮುಂದಿನದು ಸಲೀಸು. ಬಲ ಜಾಸ್ತಿ ಮಾಡ್ಬೇಕಾದ್ರೆ ಡಬ್ಬಿಯಿಂದ ಹೊಸ ತೂಕ ತೆಗೀಬಾರ್ದು, ಟ್ರಾಲಿ ಮೇಲೆ ಮೊದ್ಲೇ ಇಟ್ಟಿರೋ ತೂಕಾನೇ ಹ್ಯಾಂಗರ್‌ಗೆ ಹಾಕ್ಬೇಕು, ಆಗ್ಲೇ ಒಟ್ಟು ದ್ರವ್ಯರಾಶಿ ಬದಲಾಗಲ್ಲ. ರೆಕಾರ್ಡ್‌ನಲ್ಲಿ ಇದನ್ನ ಹತ್ತು ಸಲ ಬರ್ಸಿದ್ರೂ ಡಬ್ಬಿಗೇ ಕೈ ಹಾಕ್ತಿದ್ರು.

ಎಷ್ಟು ಬಲಕ್ಕೆ ಎಷ್ಟು ವೇಗೋತ್ಕರ್ಷ ಅಂತ ಹಾಕೋ ಗ್ರಾಫ್ ವಿಷ್ಯ ಬೇರೇನೇ ಸಂಕಟ. ಹೋದ್ಸಲ ಒಬ್ಳು ಹುಡುಗಿಯ ಗ್ರಾಫ್ ಶೀಟಲ್ಲಿ ಮೂಲಬಿಂದು ಹತ್ರ ಉಜ್ಜಿ ಉಜ್ಜಿ ಪೇಪರ್ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದ್ರೆ ಹಳೇ ಗೆರೆ ಕಾಣ್ತಿತ್ತು, ಬಲದ ಅಕ್ಷಾನ 0.05 ನ್ಯೂಟನ್ ಹತ್ರ ಮುಟ್ಟಿತ್ತು. ಯಾಕಮ್ಮ ಅಳಿಸ್ದೆ ಅಂದ್ರೆ, ಸೊನ್ನೆ ಮೂಲಕ ಹೋಗ್ಬೇಕಲ್ವಾ ಸಾರ್, ಇಲ್ಲಾಂದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಅಂದ್ಲು. ತಪ್ಪು ಅವಳದ್ದಲ್ಲ. ಸೂತ್ರಕ್ಕೆ ತಕ್ಕಂಗೆ ರೀಡಿಂಗ್ ಬರ್ಲೇಬೇಕು ಅಂತ ಹೆದರಿಸಿಟ್ಟಿರೋದು ನಾವೇ, ಘರ್ಷಣೆ ತನ್ನ ಪಾಲು ತಗೊಳ್ಳುತ್ತೆ, ಆ 0.05 ಅದರ ಲೆಕ್ಕ ಅಂತ ಯಾರೂ ಹೇಳ್ಕೊಟ್ಟಿರಲ್ಲ.

ವಾದ ಮಾಡ್ಲಿಲ್ಲ, ಹ್ಯಾಂಗರ್ ಕಳಚಿ ದಾರದ ತುದಿಗೆ ಬರೀ 3 ಗ್ರಾಂ ಕಟ್ಟು ಅಂದೆ. ಮೆಲ್ಲಗೆ ತಳ್ಳಿದ್ಲು, ಟ್ರಾಲಿ ನಿಧಾನವಾಗಿ ನಿಂತೇ ಹೋಯ್ತು. 4 ಗ್ರಾಂಗೆ ಇನ್ನೊಂಚೂರು ದೂರ ಹೋಗಿ ನಿಲ್ತು. 5 ಗ್ರಾಂ ಕಟ್ಟಿ ತಳ್ಳಿದ್ಮೇಲೆ ಟ್ರ್ಯಾಕ್ ಕೊನೇವರೆಗೂ ಒಂದೇ ವೇಗದಲ್ಲಿ ಹೋಯ್ತು. ಎರಡು ಸಲ ಮತ್ತೆ ಮಾಡಿ ನೋಡಿದ್ಲು, ಮನಸ್ಸಲ್ಲೇ 5 ಗ್ರಾಂನ ನ್ಯೂಟನ್‌ಗೆ ಬದಲಾಯಿಸ್ಕೊಂಡ್ಲು, ಹೋಗಿ ಹೊಸ ಶೀಟ್ ಇಸ್ಕೊಂಡ್ ಬಂದ್ಲು.