ಸ್ನೇಹದ ಕುಸ್ತಿ

ನ್ಯೂಯಾರ್ಕ್ ರಾಜ್ಯದ ವೈಟ್ಸ್‌ಬರೋ ಹಳ್ಳಿಯ ಹಳೆಯ ಮೊಹರು ನಿಮ್ಮ ಮೊಬೈಲಿಗೂ ಬಂದಿರಬೇಕು. ಒಬ್ಬ ಬಿಳಿಯ, ಒಬ್ಬ ಒನೈಡಾ ಬುಡಕಟ್ಟಿನ ಮೂಲನಿವಾಸಿ. ಬಿಳಿಯನ ಕೈ ಮೂಲನಿವಾಸಿಯ ಕತ್ತಿನ ಪಕ್ಕದಲ್ಲಿದೆ, ಮೂಲನಿವಾಸಿ ಹಿಂದಕ್ಕೆ ವಾಲಿದ್ದಾನೆ. ನೋಡಿದವರಿಗೆಲ್ಲ ಕತ್ತು ಹಿಸುಕಿದ ಹಾಗೆ ಕಾಣುತ್ತದೆ. ಊರವರಿಗೆ ಮಾತ್ರ ಸ್ನೇಹ ಕಾಣುತ್ತದೆ!

ಅವರು ಹೇಳುವ ಕಥೆ ಇಷ್ಟು. ಊರು ಕಟ್ಟಿದ ಹ್ಯೂ ವೈಟ್ 1784ರಲ್ಲಿ ಬಂದ. ಒನೈಡಾ ಮುಖಂಡನೊಬ್ಬ ಕುಸ್ತಿಗೆ ಕರೆದ. ವೈಟ್ ಗೆದ್ದ. ಅಲ್ಲಿಂದಾಚೆ ಎರಡೂ ಕಡೆಯವರು ಅಣ್ಣತಮ್ಮಂದಿರ ಹಾಗಿದ್ದರು. ಸೋತವನ ಮನೆಯಲ್ಲಿ ಈ ಕಥೆ ಹೇಗೆ ಹೇಳುತ್ತಾರೋ, ಅದನ್ನು ಮೊಹರಿನಲ್ಲಿ ಕೆತ್ತಿಸಿಲ್ಲ.

ಚಿತ್ರ ಹುಟ್ಟಿದ್ದು 1883ರ ಸುಮಾರಿಗೆ. ಆಗ ಕೈ ನೇರವಾಗಿ ಕತ್ತಿನ ಮೇಲೇ ಇತ್ತು. 1970ರ ದಶಕದಲ್ಲಿ ತಕರಾರು ಬಂತು. ಊರಿನ ಹಿರಿಯರು ಕೂತು ಯೋಚಿಸಿ ಕೈಯನ್ನು ಹೆಗಲಿಗೆ ಸರಿಸಿದರು. ಕತ್ತಿನಿಂದ ಹೆಗಲಿಗೆ ಒಂದು ಗೇಣೂ ಇಲ್ಲ. ಹಿಡಿದದ್ದು ತೊಂಬತ್ತು ವರ್ಷ. ಇದೇ ವೇಗದಲ್ಲಿ ಹೋದರೆ ಕೈ ಮೊಣಕೈಗೆ ಬಂದು, ಮುಂಗೈಗೆ ಇಳಿದು, ಇನ್ನೆರಡು ಶತಮಾನದಲ್ಲಿ ಇಬ್ಬರೂ ಕೈಕುಲುಕಬಹುದು. ಅವಸರ ಏನಿದೆ, ಅಲ್ವಾ?

2016ರ ಜನವರಿಯಲ್ಲಿ ಮತಕ್ಕೆ ಹಾಕಿದರು. 157 ಮಂದಿ ಇದೇ ಇರಲಿ ಅಂದರು, 55 ಮಂದಿ ಬದಲಿಸಿ ಅಂದರು. ಮೂರು ಸಾವಿರಕ್ಕೂ ಜಾಸ್ತಿ ಜನರಿರುವ ಊರು. ಉಳಿದವರು ಚಳಿಗೆ ಮನೆಯಲ್ಲೇ ಬೆಚ್ಚಗಿದ್ದರೇನೋ. ಆಮೇಲೆ ಟಿವಿಯ ಹಾಸ್ಯ ಕಾರ್ಯಕ್ರಮದವರು ಕ್ಯಾಮೆರಾ ತಂದರು. ಕೆಲವೇ ದಿನದಲ್ಲಿ ಮೇಯರ್ ಸಾಹೇಬರು, ಆಯ್ತು ಬದಲಿಸೋಣ ಅಂದುಬಿಟ್ಟರು. ಮೂಲನಿವಾಸಿಗಳು ನೋವು ಅಂದಾಗ ಗೇಣುದ್ದವೂ ಸರಿಯದಿದ್ದ ಕೈ ಅದು.

ನಗುವುದೂ ಸಾಕಾಗುತ್ತದೆ. ಈ ಒನೈಡಾಗಳು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ನಿಂತವರು. 1777ರಲ್ಲಿ, ಈ ಊರಿಗೆ ಹತ್ತಿರದ ಒರಿಸ್ಕನಿಯಲ್ಲೇ ರಕ್ತ ಸುರಿಸಿದವರು. ವೈಟ್ ಬಂದ ನಾಲ್ಕೇ ವರ್ಷಕ್ಕೆ, 1788ರಲ್ಲಿ, ನ್ಯೂಯಾರ್ಕ್ ರಾಜ್ಯ ಒಪ್ಪಂದದ ಹೆಸರಲ್ಲಿ ಅವರ ಬಹುಪಾಲು ಭೂಮಿ ಬರೆಸಿಕೊಂಡಿತು. ಸುಮಾರು 60 ಲಕ್ಷ ಎಕರೆ ಇದ್ದ ಜನಕ್ಕೆ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಉಳಿದದ್ದು 32 ಎಕರೆ. ಇದನ್ನು ಯಾವ ಮೊಹರಿನಲ್ಲಿ ಬಿಡಿಸುತ್ತೀರಿ? ಕುಸ್ತಿಯಂತೆ, ಕುಸ್ತಿ!

2017ರಲ್ಲಿ ಹೊಸ ಮೊಹರು ಬಂತು. ಇಬ್ಬರ ಬಟ್ಟೆಬರೆ ತಿದ್ದಿದ್ದಾರೆ. ಕುಸ್ತಿ ಮಾತ್ರ ಬಿಟ್ಟಿಲ್ಲ. ಅದು ಊರಿನ ಇತಿಹಾಸವಂತೆ, ತೆಗೆಯೋಕೆ ಬರಲ್ವಂತೆ.