ಗ್ಯಾಲರಿ ಖಾಲಿ ಇದ್ದರೆ ಅಪ್ಪ-ಅಮ್ಮನನ್ನೇ ಯಾಕೆ ಬೈಯೋದು?

ಫಿಲಡೆಲ್ಫಿಯಾ ಕಡೆಯ ಕನ್ನಡದವರು ನಾಲ್ಕು ಜನ ಸೇರಿ ಮಕ್ಕಳ ಆಟದ ಸುದ್ದಿ ಎತ್ತಿದರೆ ಒಂದು ಮಾತು ಬಂದೇ ಬರುತ್ತದೆ. "ಸಿಟಿ ಶಾಲೆಗಳನ್ನ ನೋಡಿ. ಮ್ಯಾಚ್ ಇದ್ರೂ ಅಪ್ಪ ಅಮ್ಮ ಒಬ್ರೂ ಬರಲ್ಲ. ಮಕ್ಕಳ ಬಗ್ಗೆ ಕಾಳಜಿನೇ ಇಲ್ಲ ಬಿಡ್ರೀ ಆ ಜನಕ್ಕೆ." ಹೇಳುವವರು ಹೆಚ್ಚಾಗಿ ಸಬರ್ಬ್‌ನವರು, ಅಂದರೆ ಸಿಟಿಯ ಹೊರವಲಯದ ಊರುಗಳಲ್ಲಿ ಇರುವವರು. ಆ ಜನ ಅಂದರೆ ಯಾವ ಜನ ಅಂತ ಬಿಡಿಸಿ ಹೇಳುವುದಿಲ್ಲ, ಕೇಳಿದವರಿಗೆ ಗೊತ್ತಾಗುತ್ತದೆ. ನನ್ನ ಮಗಳು ಸಿಟಿಯೊಳಗಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುತ್ತಾಳೆ. ಹಾಗಾಗಿ ಆ ಖಾಲಿ ಗ್ಯಾಲರಿಯಲ್ಲಿ ಕೂತಿರುವ ಕೆಲವೇ ಜನರಲ್ಲಿ ನಾನೂ ಒಬ್ಬ. ಬೇಕಾದಷ್ಟು ಮ್ಯಾಚ್ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟೇ: ಆ ಮಾತು ಸುಳ್ಳು, ಅದನ್ನು ನಾವು ಕನ್ನಡದವರು ಹೇಳುವುದಂತೂ ಇನ್ನೂ ಸರಿಯಲ್ಲ.

ಅಮೆರಿಕದಲ್ಲಿ ಹೈಸ್ಕೂಲ್ ಆಟ ಅಂದರೆ ಸಣ್ಣ ವಿಷಯ ಅಲ್ಲ. 2023–24ರಲ್ಲಿ ಇಡೀ ದೇಶದಲ್ಲಿ ಹೈಸ್ಕೂಲ್ ಟೀಮುಗಳಲ್ಲಿ ಆಡುವ ಮಕ್ಕಳ ಲೆಕ್ಕ 80 ಲಕ್ಷ ದಾಟಿತು. ಎರಡು ಆಟ ಆಡುವ ಮಗುವನ್ನು ಎರಡು ಸಲ ಎಣಿಸಿದ ಲೆಕ್ಕ ಅದು, ಆದರೂ ದೊಡ್ಡದೇ. ಶುಕ್ರವಾರ ರಾತ್ರಿ ಏಳು ಗಂಟೆಗೆ ಲೈಟ್ ಹಾಕಿ ಫುಟ್‌ಬಾಲ್ ಶುರು ಮಾಡಿದರೆ ಊರಿಗೆ ಊರೇ ಬಂದು ಕೂರುತ್ತದೆ. ಬ್ಯಾಂಡು, ಪಾಪ್‌ಕಾರ್ನು, ಹೆಗಲ ಮೇಲೆ ಕಂಬಳಿ ಹೊದ್ದ ಅಜ್ಜ ಅಜ್ಜಿ. ಇಲ್ಲಿ ಮಗುವಿನ ಆಟಕ್ಕೆ ಹೋಗಿ ಕೂರುವುದು ಪ್ರೀತಿಯನ್ನು ಅಳೆಯುವ ಅಳತೆಗೋಲೇ ಆಗಿಬಿಟ್ಟಿದೆ. ಬಂದವರು ಒಳ್ಳೆಯ ಅಪ್ಪ ಅಮ್ಮ, ಬರದವರು ಕೆಟ್ಟವರು. ತೀರ್ಪು ಅಷ್ಟು ಸಲೀಸು.

ಆದರೆ ಆ ಏಳು ಗಂಟೆ, ಆ ಲೈಟು, ಎಲ್ಲ ಕಡೆ ಇಲ್ಲ. ನಮ್ಮ ಸಿಟಿ ಶಾಲೆಗಳಲ್ಲಿ ವಾರದ ದಿನ ಮ್ಯಾಚ್ ಅಂದರೆ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆ, ನಾಲ್ಕು. ಬಹಳಷ್ಟು ಶಾಲೆಗಳಿಗೆ ಸ್ವಂತ ಮೈದಾನವೇ ಇಲ್ಲ. ನಾಲ್ಕಾರು ಶಾಲೆ ಸೇರಿ ಒಂದು ಮೈದಾನ ಹಂಚಿಕೊಳ್ಳುತ್ತವೆ. ಅದಕ್ಕೆ ಇಲ್ಲಿ ಸೂಪರ್‌ಸೈಟ್ ಅಂತ ಹೆಸರು, ಹೆಸರಿನಲ್ಲಾದರೂ ಸೂಪರ್ ಇರಲಿ ಅಂತ ಇಟ್ಟರೋ ಏನೋ. ಶಿಕಾಗೋದಲ್ಲೂ ಇದೇ ಕಥೆ. ಗೇಟ್ಲಿ, ಹ್ಯಾನ್ಸನ್ ಥರದ ಕೆಲವೇ ಸ್ಟೇಡಿಯಂಗಳಲ್ಲಿ ಸಿಟಿಯ ಬಹಳಷ್ಟು ಶಾಲೆಗಳು ಪಾಳಿ ಹಚ್ಚಿಕೊಂಡು ಆಡಬೇಕು. ಪಾಳಿ ಅಂದ ಮೇಲೆ ಸಿಕ್ಕ ಹೊತ್ತಿಗೆ ಆಡಬೇಕು, ಅಲ್ವಾ?

ಇನ್ನು ಭಯ. 2022ರ ಸೆಪ್ಟೆಂಬರಿನಲ್ಲಿ ಇಲ್ಲಿನ ರಾಕ್ಸ್‌ಬರೋ ಹೈಸ್ಕೂಲಿನ ಹತ್ತಿರ, ಫುಟ್‌ಬಾಲ್ ಅಭ್ಯಾಸ ಪಂದ್ಯ ಮುಗಿಸಿ ಹೊರಗೆ ಬರುತ್ತಿದ್ದ ಹುಡುಗರ ಮೇಲೆ ಗುಂಡು ಹಾರಿಸಿದರು. ಹದಿನಾಲ್ಕು ವರ್ಷದ ಹುಡುಗ ಸತ್ತ. ಅದು ಆಗಿದ್ದು ಹಾಡಹಗಲಲ್ಲಿ. ಇಂಥದ್ದಾದ ಮೇಲೆ ರಾತ್ರಿ ಮ್ಯಾಚ್ ಇಡಿ ಅಂದರೆ ಯಾವ ಪ್ರಿನ್ಸಿಪಾಲ್ ಹೂಂ ಅಂತಾರೆ? ಅವರನ್ನೂ ಬೈಯುವಂತಿಲ್ಲ.

ಹಾಗಾದರೆ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಬಿಡುವಾಗಿರುವವರು ಯಾರು? ನಾನು. ಲ್ಯಾಪ್‌ಟಾಪ್ ಮುಚ್ಚಿ, ಕ್ಯಾಲೆಂಡರಿನಲ್ಲಿ "ಬಿಜಿ" ಅಂತ ಹಾಕಿ ಎದ್ದರೆ ಯಾರೂ ಕೇಳುವುದಿಲ್ಲ. ಸಂಬಳದಲ್ಲಿ ಒಂದು ಸೆಂಟೂ ಕಟ್ ಆಗುವುದಿಲ್ಲ. ಮಗಳ ಟೀಮಿನ ಉಳಿದ ಹುಡುಗಿಯರ ಮನೆಯಲ್ಲಿ ಹಾಗಿಲ್ಲ. ಒಬ್ಬಳ ತಾಯಿ ವೃದ್ಧಾಶ್ರಮದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ. ಅವರ ಶಿಫ್ಟ್ ಶುರುವಾಗುವುದೇ ಮೂರು ಗಂಟೆಗೆ. ಒಬ್ಬಳ ತಂದೆ ಡೆಲಿವರಿ ವ್ಯಾನ್ ಓಡಿಸುತ್ತಾರೆ. ಇನ್ನೊಬ್ಬಳ ಮನೆಯಲ್ಲಿ ಇರುವುದು ಅಜ್ಜಿ ಮಾತ್ರ, ಅವರಿಗೂ ಬೆಳಿಗ್ಗೆ ಒಂದು ಕೆಲಸ, ಸಂಜೆ ಒಂದು ಕೆಲಸ. ಇವರೆಲ್ಲ ಗಂಟೆ ಲೆಕ್ಕದ ಕೂಲಿಯವರು. ಫೆಡರಲ್ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ಕೂತಿದೆ. ಇವರಿಗೆ ಅದಕ್ಕಿಂತ ಜಾಸ್ತಿ ಸಿಗಬಹುದು, ಆದರೆ ಮ್ಯಾಚಿಗೆ ಅಂತ ನಾಲ್ಕು ಗಂಟೆ ಬಿಟ್ಟು ಬಂದರೆ ಆ ನಾಲ್ಕು ಗಂಟೆಯ ದುಡ್ಡು ಹೋಯಿತು. ಜೊತೆಗೆ ಮೇಲಿನವರ ಮುಖ ಕೆಂಪಾಗುತ್ತದೆ, ಮುಂದಿನ ವಾರ ಶಿಫ್ಟ್ ಕಡಿಮೆ ಆಗಬಹುದು. ಸೀಸನ್ ಪೂರ್ತಿ ವಾರಕ್ಕೆ ಎರಡು ಮ್ಯಾಚ್ ಅಂತ ಲೆಕ್ಕ ಹಾಕಿ ನೋಡಿ.

ಕಾನೂನು ಇಲ್ಲವೇ ಅಂದರೆ ಅಲ್ಲಲ್ಲಿ ಚೂರುಪಾರು ಇದೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಮಕ್ಕಳ ಶಾಲೆಯ ಕಾರ್ಯಕ್ರಮಕ್ಕೆ ಅಂತ ವರ್ಷಕ್ಕೆ 24 ಗಂಟೆ ರಜೆ ಕೇಳಬಹುದು, ಶಾಲೆಯ ಟೀಮಿನ ಮ್ಯಾಚೂ ಅದರಲ್ಲಿ ಬರುತ್ತದೆ. ನಮ್ಮ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅದೂ ಇಲ್ಲ. ಫಿಲಡೆಲ್ಫಿಯಾ ಸಿಟಿ 2020ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ದೊಡ್ಡ ಅಂಗಡಿ, ಹೋಟೆಲ್, ಫಾಸ್ಟ್‌ಫುಡ್ ಕಂಪನಿಗಳು ಕೆಲಸದವರಿಗೆ ಶಿಫ್ಟ್ ಪಟ್ಟಿಯನ್ನು ಮುಂಚಿತವಾಗಿ ಕೊಡಬೇಕು ಅಂತ ನಿಯಮ ತಂದಿತು. ಈಗ ಅದು ಹದಿನಾಲ್ಕು ದಿನ ಮುಂಚೆ. ಆದರೆ ಕನಿಷ್ಠ 250 ಕೆಲಸಗಾರರು, 30 ಶಾಖೆ ಇರುವ ಕಂಪನಿಗಳಿಗೆ ಮಾತ್ರ. ವೃದ್ಧಾಶ್ರಮದ ಆ ತಾಯಿಗೆ ಇದರಿಂದ ಏನೂ ಸಿಗಲಿಲ್ಲ.

ಹೇಗೋ ಹೊತ್ತು ಹೊಂದಿಸಿಕೊಂಡರು ಅಂತಿಟ್ಟುಕೊಳ್ಳಿ. ಬರುವುದು ಹೇಗೆ? ಎಷ್ಟೋ ಮನೆಯಲ್ಲಿ ಕಾರಿಲ್ಲ. ಮಕ್ಕಳು ಓಡಾಡಲು ಶಾಲೆಯಿಂದ ಸೆಪ್ಟಾ (ಇಲ್ಲಿನ ಬಸ್ಸು-ರೈಲು ಸಂಸ್ಥೆ) ಕಾರ್ಡ್ ಕೊಡುತ್ತಾರೆ, ತಾಯಿಗೆ ಯಾರು ಕೊಡಬೇಕು? ಎರಡು ಬಸ್ ಬದಲಾಯಿಸಿ ಸಿಟಿಯ ಆ ತುದಿಗೆ ಮುಟ್ಟುವಷ್ಟರಲ್ಲಿ ಎರಡು ಸೆಟ್ ಮುಗಿದಿರುತ್ತದೆ. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್, ಬ್ಯಾಗ್ ತಪಾಸಣೆ. ಕೆಲವು ಕಡೆ ಟಿಕೆಟ್ ಫೋನಿನಲ್ಲೇ ತೆಗೆದುಕೊಳ್ಳಬೇಕು, ಕೈಯಲ್ಲಿ ನೋಟು ಹಿಡಿದು ನಿಂತರೆ ಆಗಲ್ಲ. ಕಾರ್ಡ್ ಇಲ್ಲದ ಅಜ್ಜಿ ಬಾಗಿಲಲ್ಲೇ ನಿಲ್ಲುತ್ತಾರೆ. ಒಂದೊಂದೂ ಸಣ್ಣ ತೊಡಕೇ. ಎಲ್ಲ ಒಟ್ಟಾದರೆ ಮನುಷ್ಯ ಮನೆಯಲ್ಲೇ ಉಳಿಯುತ್ತಾನೆ.

ಆ ವ್ಯಾನ್ ಓಡಿಸುವ ತಂದೆ ಒಂದು ದಿನ ಬಂದಿದ್ದರು. ಹೊರಗೆ ವ್ಯಾನಿನ ಇಂಡಿಕೇಟರ್ ಮಿಣಕ್ ಮಿಣಕ್ ಅನ್ನುತ್ತಿತ್ತು. ಒಳಗೆ ಬಂದು ಕೂರಲಿಲ್ಲ, ಬಾಗಿಲ ಹತ್ತಿರವೇ ನಿಂತರು. ಮಗಳು ಸರ್ವ್ ಮಾಡುವ ಸರದಿ ಬರಲಿ ಅಂತ ಕಾಯುತ್ತಿದ್ದರು ಅನಿಸುತ್ತೆ. ಸರದಿ ಬಂತು, ಮೊದಲ ಸರ್ವ್ ನೆಟ್ಟಿಗೆ ಹೋಯಿತು. ಅವರು ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿ, ಕೈಯಲ್ಲಿದ್ದ ಸ್ಕ್ಯಾನರ್ ನೋಡಿಕೊಂಡು ಓಡಿಹೋದರು. ಹಾಜರಿ ಹಾಕುವವರ ಲೆಕ್ಕದಲ್ಲಿ ಇವರು ಬಂದವರೋ ಬರದವರೋ?

ವೃದ್ಧಾಶ್ರಮದ ತಾಯಿಯನ್ನು ನಾನು ನೋಡಿದ್ದು ಒಂದೇ ಸಲ, ಅದೂ ಪಾರ್ಕಿಂಗ್ ಜಾಗದಲ್ಲಿ. ಆದರೆ ಅವರ ಮಗಳ ಬಿಳಿ ಜೆರ್ಸಿಯನ್ನು ಪ್ರತಿ ಮ್ಯಾಚಿನಲ್ಲೂ ನೋಡುತ್ತೇನೆ. ಟೀಮಿನಲ್ಲಿ ಅಷ್ಟು ಬೆಳ್ಳಗಿರುವ ಜೆರ್ಸಿ ಇನ್ನೊಂದಿಲ್ಲ, ನನ್ನ ಮಗಳದ್ದು ಕೂಡ ಇಲ್ಲ. ಶಾಲೆ ಕೊಡುವುದು ಒಂದೇ ಒಂದು. ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದಾಗ ಲಾಂಡ್ರೊಮ್ಯಾಟ್ ಮುಚ್ಚಿರುತ್ತದೆ, ಅದಕ್ಕೆ ಸಿಂಕಿನಲ್ಲೇ ಒಗೆದು ಹೀಟರ್ ಮೇಲೆ ಒಣಗಿಸುತ್ತಾರಂತೆ. ಎದುರು ಟೀಮಿನಲ್ಲಿ ಯಾರು ಎಡಗೈಯಲ್ಲಿ ಹೊಡೆಯುತ್ತಾರೆ ಅನ್ನುವುದೂ ಅವರಿಗೆ ಗೊತ್ತು. ಮಗಳು ಬಸ್ಸಲ್ಲಿ ಕೂತು ಫೋನಿನಲ್ಲಿ ಎಲ್ಲ ವರದಿ ಒಪ್ಪಿಸುತ್ತಾಳೆ, ಅವರಿಗೆ ಊಟದ ಬಿಡುವು ಇದ್ದಾಗ. ಈ ತಾಯಿಗೆ ಕಾಳಜಿ ಇಲ್ಲ ಅನ್ನುವವರು ಒಂದು ವಾರ ಆ ಸಿಂಕಿನ ಮುಂದೆ ನಿಲ್ಲಲಿ.

ಈಗ ನಮ್ಮ ಕಡೆಗೆ ಬರೋಣ. ನಾನು ಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಓದಿದವನು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟ ಅಂದರೆ ಪಿ.ಟಿ. ಮೇಷ್ಟ್ರು, ಒಂದು ಟೆಂಪೊ, ಸುಣ್ಣದ ಪುಡಿಯಲ್ಲಿ ಎಳೆದ ಟ್ರ್ಯಾಕು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ವಾಪಸ್. ಖೋ-ಖೋ ಆಡಿ ಮಂಡಿ ತರಚಿಕೊಂಡರೆ ಮೇಷ್ಟ್ರೇ ನೀರು ಹಾಕಿ ತೊಳೆಯುತ್ತಿದ್ದರು. ಅಪ್ಪ ಅಮ್ಮ? ಯಾರ ಅಪ್ಪನೂ ಬರುತ್ತಿರಲಿಲ್ಲ, ಬರಬೇಕು ಅಂತ ಯಾರಿಗೂ ಹೊಳೆಯುತ್ತಲೂ ಇರಲಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೊತ್ತು ಅದು. ಪ್ರೈಜು ತಂದರೆ "ಓಹೋ, ಗೆದ್ದೆಯಾ" ಅನ್ನೋರು. ಸೋತು ಬಂದರೆ "ಆಟ ಆಡಿದ್ರೆ ಹೊಟ್ಟೆ ತುಂಬುತ್ತಾ, ಪುಸ್ತಕ ಹಿಡಿ" ಅನ್ನೋರು. ಇವತ್ತು ಸಬರ್ಬ್‌ನಲ್ಲಿ ಕೂತು ಸಿಟಿಯ ತಾಯಂದಿರಿಗೆ ಅಂಕ ಹಾಕುವ ನನ್ನ ಗೆಳೆಯರ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನ ಮಗನ ಕಬಡ್ಡಿ ನೋಡಿದ್ದರು? ಯಾರೂ ಇಲ್ಲ. ಆದರೂ ಅವರನ್ನು ಯಾರಾದರೂ ಕೆಟ್ಟ ಅಪ್ಪ ಅಮ್ಮ ಅಂದರಾ? ಶಾಲೆಯ ಹೆಡ್‌ಮಾಸ್ಟರ್ ಕೂಡ ಅನ್ನಲಿಲ್ಲ.

ಹಾಗಂತ ನಮ್ಮದೇ ಸರಿ ಅಂತ ನಾನು ಹೇಳುತ್ತಿಲ್ಲ. ಆಟವನ್ನೇ ಲೆಕ್ಕಕ್ಕೆ ಇಡದಿದ್ದದ್ದು ನಮ್ಮ ದೊಡ್ಡ ಕೊರತೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂತು ಅಂದರೆ ಒಳ್ಳೊಳ್ಳೆ ಓಟಗಾರರ ಬೂಟು ಅಟ್ಟ ಸೇರುತ್ತಿತ್ತು. ನಾನು ಹೇಳುವುದು ಬೇರೆ. ಅದೇ ಹಳ್ಳಿಯಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಎಷ್ಟು ಜನ ಸೇರುತ್ತಿದ್ದರು ನೆನಪಿದೆಯಾ? ಚಾಪೆ ಹಿಡಿದುಕೊಂಡು, ಕಂಕುಳಲ್ಲಿ ಕೂಸು ಇಟ್ಟುಕೊಂಡು, ಮೊಮ್ಮಗಳ ಕೋಲಾಟ ನೋಡುವುದಕ್ಕೆ ಅಜ್ಜಿ ಸಂಜೆ ಐದಕ್ಕೇ ಬಂದು ಮುಂದೆ ಜಾಗ ಹಿಡಿಯೋರು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಅಂತ ಬ್ಯಾನರ್ ಕಟ್ಟಿದರೆ ಸಾಕು, ಅದೇ "ಆಟ ಆಡಿದ್ರೆ ಹೊಟ್ಟೆ ತುಂಬುತ್ತಾ" ಅನ್ನುವ ಅಪ್ಪ ಸರಿರಾತ್ರಿ ಎರಡು ಗಂಟೆಯವರೆಗೆ ನಿಂತು ಗಂಟಲು ಹರಿಯುವಂತೆ ಕೂಗೋರು. ಜನ ಅದೇ, ಮಕ್ಕಳೂ ಅವೇ. ಬದಲಾಗಿದ್ದು ಹೊತ್ತು. ಕೆಲಸ ಮುಗಿದ ಮೇಲೆ, ನಡೆದು ಹೋಗುವಷ್ಟು ಹತ್ತಿರ, ಟಿಕೆಟ್ ಇಲ್ಲದೆ. ಬಡವರು ಮಕ್ಕಳನ್ನು ನೋಡಲು ಬರುವುದಿಲ್ಲ ಅನ್ನುವವರಿಗೆ ನಮ್ಮ ಊರಿನ ಆ ಒಂದು ರಾತ್ರಿಯೇ ಉತ್ತರ. ಹೊನಲು ಬೆಳಕು ನಮ್ಮ ಹಳ್ಳಿಗೂ ಬಂದಿತ್ತು, ಇಲ್ಲಿ ಸಬರ್ಬ್‌ಗಳಲ್ಲಿ ಮೊದಲಿಂದಲೂ ಇದೆ. ಅಮೆರಿಕದ ಇಷ್ಟು ದೊಡ್ಡ ಸಿಟಿಯ ಮಕ್ಕಳು ಮಾತ್ರ ಮಧ್ಯಾಹ್ನದ ಬಿಸಿಲಲ್ಲಿ ಆಡುತ್ತಿದ್ದಾರೆ.

ಆ ಲೈಟು ಯಾಕಿಲ್ಲ ಅನ್ನುವುದೂ ಗುಟ್ಟಲ್ಲ. ಇಲ್ಲಿ ಶಾಲೆಗೆ ಬರುವ ದುಡ್ಡಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆ. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ಶಾಲೆಯೂ ಶ್ರೀಮಂತ. 2023ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಕಾಮನ್‌ವೆಲ್ತ್ ಕೋರ್ಟ್ ಈ ಪದ್ಧತಿ ರಾಜ್ಯದ ಸಂವಿಧಾನಕ್ಕೇ ವಿರುದ್ಧ ಅಂತ ತೀರ್ಪು ಕೊಟ್ಟಿತು. ತಪ್ಪು ಪದ್ಧತಿಯದು ಅಂತ ಕೋರ್ಟೇ ಹೇಳಿದರೂ ನಮ್ಮವರು ಮಾತ್ರ ಅದನ್ನು ತಾಯಂದಿರ ತಲೆಗೆ ಕಟ್ಟುತ್ತಾರೆ.

ಗ್ಯಾಲರಿ ಖಾಲಿ ಇದ್ದರೆ ನಷ್ಟ ಇಲ್ಲವೇ? ಖಂಡಿತ ಇದೆ. ಸಬರ್ಬ್ ಶಾಲೆಯಲ್ಲಿ ಅಪ್ಪ ಅಮ್ಮಂದಿರ ಬೂಸ್ಟರ್ ಕ್ಲಬ್ ಇರುತ್ತದೆ. ತಿಂಡಿ ಸ್ಟಾಲ್ ಹಾಕುತ್ತಾರೆ, ದುಡ್ಡು ಎತ್ತುತ್ತಾರೆ, ಹೊಸ ನೆಟ್ ಬರುತ್ತದೆ. ಬರುವವರೇ ಇಲ್ಲದ ಕಡೆ ಸ್ಟಾಲ್ ಎಲ್ಲಿ, ನೆಟ್ ಎಲ್ಲಿ. ಮಗುವಿಗೂ ಬೇಜಾರಾಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಸೀನಿಯರ್ ನೈಟ್ ದಿನ ಕೊನೆಯ ವರ್ಷದ ಮಕ್ಕಳು ಅಪ್ಪ ಅಮ್ಮನ ತೋಳು ಹಿಡಿದು ಅಂಗಳದ ಮಧ್ಯಕ್ಕೆ ನಡೆಯಬೇಕು, ಅಮ್ಮನಿಗೆ ಒಂದು ಹೂವು ಕೊಡಬೇಕು. ಹೆಸರಿಗೆ ನೈಟ್, ನಮ್ಮಲ್ಲಿ ನಡೆಯುವುದು ನಾಲ್ಕು ಗಂಟೆಗೆ. ಹೋದ ಸೀಸನ್ನಿನಲ್ಲಿ ಕೋಚಮ್ಮ ಒಬ್ಬರೇ ಬೇರೆ ಬೇರೆ ಹುಡುಗಿಯರ ಜೊತೆ ಮತ್ತೆ ಮತ್ತೆ ನಡೆದರು, ಪ್ರತಿ ಸಲವೂ ಹೊಸದಾಗಿ ನಕ್ಕರು. ಹೂವುಗಳನ್ನು ಹುಡುಗಿಯರು ಬ್ಯಾಗಿನಲ್ಲಿ ಮುರಿಯದಂತೆ ಇಟ್ಟುಕೊಂಡು ಮನೆಗೆ ಒಯ್ದರು.

ಕ್ಯಾಮೆರಾ ಹಾಕಿ ತೋರಿಸಿದರೆ ಆಯ್ತಲ್ಲ ಅನ್ನುವವರೂ ಇದ್ದಾರೆ. 2013ರಿಂದ ಎನ್‌ಎಫ್‌ಎಚ್‌ಎಸ್ ನೆಟ್‌ವರ್ಕ್ ಅಂತ ಹೈಸ್ಕೂಲ್ ಆಟಗಳನ್ನು ಇಂಟರ್ನೆಟ್ಟಿನಲ್ಲಿ ತೋರಿಸುವ ಒಂದು ಸೇವೆ ಇದೆ, ಎಷ್ಟೋ ಶಾಲೆಗಳ ಮ್ಯಾಚ್ ನೇರ ಪ್ರಸಾರ ಆಗುತ್ತದೆ. ತಿಂಗಳಿಗೆ ಚಂದಾ ಕಟ್ಟಬೇಕು. ಕಟ್ಟಿದರೂ ಶಿಫ್ಟಿನಲ್ಲಿರುವವರು ಫೋನ್ ಹಿಡಿದು ನಿಂತರೆ ಕೆಲಸ ಉಳಿಯುತ್ತಾ?

ನಾವು ಕೆಲವರು ಕೋಚ್ ಜೊತೆ ಸೇರಿ ಶಾಲೆಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಮುಂದಿನ ಸೀಸನ್ನಿನಲ್ಲಿ ನಮ್ಮ ಜಿಮ್‌ನಲ್ಲಿ ನಡೆಯುವ ಎರಡು ಮ್ಯಾಚನ್ನಾದರೂ ಶನಿವಾರಕ್ಕೋ ಸಂಜೆ ಆರೂವರೆಗೋ ಹಾಕಿ, ಸೀನಿಯರ್ ನೈಟ್ ಅದರಲ್ಲಿ ಒಂದಾಗಿರಲಿ, ದಿನಾಂಕ ಒಂದು ತಿಂಗಳು ಮುಂಚೆ ಹೇಳಿ, ಟೀಮಿನ ಮನೆಯವರಿಗೆ ಟಿಕೆಟ್ ಬೇಡ. ಶಿಫ್ಟ್ ಬದಲಾಯಿಸಿಕೊಳ್ಳುವವರಿಗೆ ಒಂದು ತಿಂಗಳು ಸಾಕು, ನಾನು ಕೇಳಿ ನೋಡಿದ್ದೇನೆ. ಎದುರು ಟೀಮು ಒಪ್ಪುವ ಹಾಗಿದೆ. ಉಳಿದಿರುವ ತಕರಾರು ಬಾಗಿಲು ಕಾಯುವವರ ಮತ್ತು ಜಿಮ್ ಬೀಗ ಹಾಕುವವರ ಓವರ್‌ಟೈಮ್ ದುಡ್ಡಿನದು. ಕಾಳಜಿ ಇಲ್ಲ ಅಂತ ಮಾತಾಡುವ ನಮ್ಮ ಸಬರ್ಬ್ ಗೆಳೆಯರ ಹತ್ತಿರ ಆ ಓವರ್‌ಟೈಮ್ ಲೆಕ್ಕದ ಚೀಟಿ ಹಿಡಿದುಕೊಂಡು ದುಡ್ಡು ಕೇಳಲು ಹೋಗುವವನಿದ್ದೇನೆ.