ಎಂಟು ರೂಪಾಯಿ ಸಿಡಿ, ಎರಡೂವರೆ ಸಾವಿರದ ಬಿಲ್

“ಖಾಲಿ ಸಿಡಿ ಎಂಟು ರೂಪಾಯಿಗೆ ಸಿಗುತ್ತೆ. ನೀವು ಎರಡೂವರೆ ಸಾವಿರ ಹೇಳ್ತೀರಲ್ಲ ಸ್ವಾಮಿ?”

ಸಾಗರದ ಒಂದು ಅಡಿಕೆ ಮಂಡಿಯಲ್ಲಿ ನನಗೆ ಈ ಪ್ರಶ್ನೆ ಮೊದಲ ಸಲ ಬಿತ್ತು. 2003ರ ಮಾತು. ಆಮೇಲೆ ಹತ್ತು ವರ್ಷ ಬೇರೆ ಬೇರೆ ಊರುಗಳಲ್ಲಿ ಇದನ್ನೇ ಕೇಳಿಸಿಕೊಂಡೆ. ಉತ್ತರ ಮಾತ್ರ ಒಂದು ಸಲವೂ ಸರಿಯಾಗಿ ಕೊಡಲಿಲ್ಲ.

ನಾನೂ ನನ್ನ ಗೆಳೆಯನೂ ಸೇರಿ ಶಿವಮೊಗ್ಗದಲ್ಲಿ ಕಂಪನಿ ಮಾಡಿದ್ದೆವು. ಕಂಪನಿ ಅಂದರೆ ಒಂದು ಬಾಡಿಗೆ ರೂಮು, ಎರಡು ಕಂಪ್ಯೂಟರ್, ಒಂದು ಯುಪಿಎಸ್. ಅಡಿಕೆ ಮಂಡಿಗಳ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆದಿದ್ದೆವು. ರೈತ ತಂದ ಮೂಟೆ ಎಷ್ಟು, ಅದರಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು (ಇವೆಲ್ಲ ಅಡಿಕೆಯ ಬಗೆಗಳು), ಕಮಿಷನ್, ಹಮಾಲಿ, ಮಳೆಗಾಲದಲ್ಲೇ ತಗೊಂಡ ಮುಂಗಡ, ಅದಕ್ಕೆ ಬಡ್ಡಿ. ಎಲ್ಲ ಸೇರಿಸಿ ಕಳೆದು ಕನ್ನಡದಲ್ಲಿ ಪಟ್ಟಿ ಪ್ರಿಂಟ್ ಆಗಬೇಕು. ಬಡ್ಡಿ ಒಂದನ್ನು ಸರಿ ಮಾಡಲಿಕ್ಕೇ ನಾಲ್ಕು ತಿಂಗಳು ಹಿಡಿಯಿತು. ಒಂದೊಂದು ಮಂಡಿಯದ್ದು ಒಂದೊಂದು ಪದ್ಧತಿ. ಒಬ್ಬರು ದಿನದ ಲೆಕ್ಕ, ಇನ್ನೊಬ್ಬರು ತಿಂಗಳ ಲೆಕ್ಕ. ಮತ್ತೊಬ್ಬರು “ನೆಂಟರಿಗೆ ಬಡ್ಡಿ ಇಲ್ಲ” ಅಂತ ಒಂದು ಬಟನ್ ಬೇಕು ಅಂದರು. ಹಾಕಿಕೊಟ್ಟೆವು.

ಗಿರಾಕಿಯ ಕಣ್ಣಿಗೆ ಈ ನಾಲ್ಕು ತಿಂಗಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಸಿಡಿ.

ಅದೂ ನೇರಳೆ ಬಣ್ಣದ ಸಿಡಿ. ದೊಡ್ಡ ಕಂಪನಿಗಳ ಸಿಡಿ ಕೆಳಗಡೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಫ್ಯಾಕ್ಟರಿಯಲ್ಲಿ ಅಚ್ಚೊತ್ತುತ್ತಾರೆ. ಮೊದಲು ಗಾಜಿನ ಮಾಸ್ಟರ್, ಅದರಿಂದ ಲೋಹದ ಅಚ್ಚು, ಆಮೇಲೆ ಪ್ಲಾಸ್ಟಿಕ್. ನಾವು ವಿಚಾರಿಸಿದಾಗ ಕಡಿಮೆ ಅಂದರೂ ಸಾವಿರ ಸಿಡಿ ಮಾಡಿಸಬೇಕು ಅಂದರು. ನಾವು ಅಷ್ಟೂ ವರ್ಷದಲ್ಲಿ ಮಾರಿದ್ದೇ ಮುನ್ನೂರರ ಆಸುಪಾಸು. ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಖಾಲಿ ಸಿಡಿ ತಂದು ರೂಮಿನಲ್ಲೇ ಬರೆಯುತ್ತಿದ್ದೆವು. ಡ್ರೈವ್ ಮೇಲೆ 52 ಎಕ್ಸ್ ವೇಗ ಅಂತ ಇದ್ದರೂ 16ರಲ್ಲೇ ಬರೆಯೋದು. ನಿಧಾನ ಆದರೂ ಗಿರಾಕಿಯ ಹಳೇ ಡ್ರೈವಿನಲ್ಲಿ ಸರಿಯಾಗಿ ಓದುತ್ತಿತ್ತು. ಮಧ್ಯದಲ್ಲಿ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಆ ಸಿಡಿ ಟೀ ಲೋಟ ಇಡಲಿಕ್ಕೆ. ನಮ್ಮ ರೂಮಿನಲ್ಲಿ ಅಂಥ ಲೋಟದಡಿಗಳು ಜಾಸ್ತಿನೇ ಇದ್ದವು.

ಬರೆದ ಸಿಡಿಗೆ ಒಂದು ಗುಣ ಇದೆ. ಡೇಟಾ ತುಂಬಿದ ಭಾಗ ಉಂಗುರದ ಹಾಗೆ ಬೇರೆ ಛಾಯೆಯಲ್ಲಿ ಕಾಣುತ್ತದೆ. ಅದು ನಡುವಿನ ತೂತಿನ ಕಡೆಯಿಂದ ಶುರುವಾಗಿ ಹೊರಕ್ಕೆ ಬೆಳೆಯುತ್ತದೆ. 700 ಎಂಬಿ ಸಿಡಿಯಲ್ಲಿ ನಮ್ಮದು ಬರೀ 40 ಎಂಬಿ. ಸಾಗರದ ಯಜಮಾನರು ಸಿಡಿಯನ್ನು ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಆ ಸಣ್ಣ ಉಂಗುರ ನೋಡಿದರು. “ಇಷ್ಟೇನಾ? ಮಿಕ್ಕಿದ್ದೆಲ್ಲ ಖಾಲಿ ಇದೆಯಲ್ಲ!” ಅಂದರು. ಅಡಿಕೆ ಮೂಟೆಗೆ ಕೈ ಹಾಕಿ ತೇವ ಎಷ್ಟಿದೆ ಅಂತ ಹೇಳುವ ಮನುಷ್ಯ. ಅವರ ಕಣ್ಣಿಗೆ ಅದು ಅರ್ಧ ತುಂಬಿದ ಚೀಲ. ಪಕ್ಕದಲ್ಲಿದ್ದ ಗುಮಾಸ್ತರು ಒಂದು ಮಾತು ಸೇರಿಸಿದರು: “ನೇರಳೆ ಸಿಡಿ ಅಂದ್ರೆ ಡೂಪ್ಲಿಕೇಟ್ ಅಲ್ವಾ?” ನಾವೇ ಬರೆದ ಸಾಫ್ಟ್‌ವೇರ್ ನಮ್ಮ ಕೈಯಲ್ಲೇ ಡೂಪ್ಲಿಕೇಟ್ ಆಯಿತು.

ಕನ್ನಡದ ಸಾಫ್ಟ್‌ವೇರ್ ಅಂದರೆ ಪುಕ್ಕಟೆ ಅನ್ನೋ ಅಭ್ಯಾಸ ಬೇರೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ, ಬರಹ ಅನ್ನೋ ಸಾಫ್ಟ್‌ವೇರ್ ಎರಡೂ ಆಗ ದುಡ್ಡಿಲ್ಲದೆ ಸಿಗುತ್ತಿದ್ದವು. ಒಂದರ ಬೆನ್ನಿಗೆ ಸರ್ಕಾರ ಇತ್ತು, ಇನ್ನೊಂದು ಶೇಷಾದ್ರಿವಾಸು ಅವರ ಸ್ವಂತ ದುಡಿಮೆ. ಎರಡೂ ಇಲ್ಲದಿದ್ದರೆ ನಮ್ಮ ಪಟ್ಟಿ ಕನ್ನಡದಲ್ಲಿ ಬರುತ್ತಲೇ ಇರಲಿಲ್ಲ, ಋಣ ಇದೆ. ಆದರೂ “ಅವರು ಸುಮ್ನೆ ಕೊಡ್ತಾರೆ, ನೀವ್ಯಾಕೆ ದುಡ್ಡು ಕೇಳ್ತೀರಿ” ಅನ್ನುವವರಿಗೆ ಏನು ಹೇಳೋದು?

ಆಗ ನನ್ನ ಗೆಳೆಯನಿಗೆ ಒಂದು ಐಡಿಯಾ ಬಂತು. ದೊಡ್ಡ ಡಬ್ಬಿ ಮಾಡಿಸೋಣ ಅಂದ. ನಿಘಂಟಿನಷ್ಟು ದಪ್ಪದ, ಬಣ್ಣದ ಪ್ರಿಂಟಿನ ಡಬ್ಬಿ. ಒಳಗೆ ಒಂದು ಸಿಡಿ, ಇಪ್ಪತ್ತು ಪುಟದ ಪುಸ್ತಕ, ಮಿಕ್ಕಿದ್ದು ಥರ್ಮಾಕೋಲ್. ಡಬ್ಬಿಗೆ ನಲವತ್ತು ರೂಪಾಯಿ ಬಿತ್ತು. ಬೆಲೆಯ ಚೌಕಾಸಿ ಅರ್ಧಕ್ಕರ್ಧ ಕಮ್ಮಿಯಾಯಿತು! ಅಂದರೆ ನಾವು ಗಾಳಿ ಮಾರುತ್ತಿದ್ದೆವು. ಅದಕ್ಕೆ ತಕರಾರಿಲ್ಲ. ನಕಲು ತಡೆಯಲಿಕ್ಕೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಲಾಕ್ (ಅದಿಲ್ಲದೆ ಸಾಫ್ಟ್‌ವೇರ್ ಓಡಲ್ಲ) ಕೊಡಲು ಶುರು ಮಾಡಿದ ಮೇಲಂತೂ ಜನ ಅದಕ್ಕೆ ಬೇರೆಯಾಗಿ ಎಂಟುನೂರು ಕೊಟ್ಟರು. ಬೀಗ ಅಂದರೆ ಕೈಯಲ್ಲಿ ಹಿಡಿಯುವ ವಸ್ತು ಅಲ್ವಾ. ತಮಗೇ ಹಾಕಿದ ಬೀಗಕ್ಕೆ ತಾವೇ ದುಡ್ಡು ಕೊಟ್ಟರು.

ಪಾರ್ಸೆಲ್ ಕಥೆಯನ್ನೂ ಹೇಳಬೇಕು. ದೂರದ ಊರಿಗೆ ವಿ.ಪಿ.ಪಿ.ಯಲ್ಲಿ ಕಳಿಸುತ್ತಿದ್ದೆವು. ಪೋಸ್ಟ್‌ಮ್ಯಾನ್ ದುಡ್ಡು ತಗೊಂಡು ಪಾರ್ಸೆಲ್ ಕೊಡೋದು, ದುಡ್ಡು ಮನಿ ಆರ್ಡರ್ ಆಗಿ ನಮಗೆ ಬರೋದು. ಮೊದಮೊದಲು ಗಟ್ಟಿ ಪ್ಲಾಸ್ಟಿಕ್ ಕೇಸಿನಲ್ಲಿ ಕಳಿಸಿದೆವು. ಅದರ ನಡುವೆ ಸಿಡಿ ಕಚ್ಚಿ ಹಿಡಿಯುವ ಹಲ್ಲುಗಳಿರುತ್ತವೆ. ದಾರಿಯಲ್ಲಿ ಎರಡು ಹಲ್ಲು ಮುರಿದರೆ ಆ ಚೂರುಗಳೇ ಒಳಗೆ ಓಡಾಡಿ ಸಿಡಿಯನ್ನು ಗೀರುತ್ತಿದ್ದವು. ಕಾಪಾಡಲಿಕ್ಕೆ ಇಟ್ಟದ್ದೇ ಕೆಡಿಸುತ್ತಿತ್ತು. ಕೊನೆಗೆ ಬಟ್ಟೆ ಅಂಗಡಿಯಿಂದ ಸೀರೆ ಮಡಿಕೆಯೊಳಗಿನ ರಟ್ಟು ತಂದು, ಸಿಡಿಯನ್ನು ಕಾಗದದ ಕವರಿನಲ್ಲಿ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು ಕಳಿಸಿದೆವು. ಒಂದೂ ಕೆಡಲಿಲ್ಲ. ಕೆಲವೊಮ್ಮೆ ದುಡ್ಡಿನ ಬದಲು ಪಾರ್ಸೆಲ್ಲೇ ವಾಪಸ್ ಬರುತ್ತಿತ್ತು, ಆ ಮಾತು ಬೇರೆ. ಡಬ್ಬಿ ಬಿಡಿಸುವ ಹಾಗಿಲ್ಲವಲ್ಲ, ಬಿಡಿಸದೆ ಎರಡೂವರೆ ಸಾವಿರ ಯಾರು ಕೊಡ್ತಾರೆ? ನಾನಾದರೂ ಕೊಡುತ್ತಿರಲಿಲ್ಲ.

2005ರ ಏಪ್ರಿಲ್ 1ಕ್ಕೆ ಕರ್ನಾಟಕದಲ್ಲಿ ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ, ಬಂತು. ಹಳೇ ಮಾರಾಟ ತೆರಿಗೆಯ ಲೆಕ್ಕವನ್ನೆಲ್ಲ ಕಿತ್ತು ಹೊಸದಾಗಿ ಬರೆದೆವು. ಹೊಸ ಸಿಡಿಗೆ ಐನೂರು ರೂಪಾಯಿ ಅಂತ ಎಲ್ಲರಿಗೂ ಕಾರ್ಡ್ ಹಾಕಿದೆವು. ತೀರ್ಥಹಳ್ಳಿಯಿಂದ ಒಬ್ಬರು ಫೋನ್ ಮಾಡಿ, “ಹಳೇ ಸಿಡಿ ಚೆನ್ನಾಗೇ ಇದೆಯಲ್ಲ, ಒಂದು ಗೀರೂ ಬಿದ್ದಿಲ್ಲ” ಅಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು.

ಅವರೊಬ್ಬರನ್ನೇ ನಗೋದು ಸರಿಯಲ್ಲ. 2004ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಟಿಸಿಎಸ್ ಅನ್ನೋ ಸಾಫ್ಟ್‌ವೇರ್ ಕಂಪನಿ ಮತ್ತು ಆಂಧ್ರ ಸರ್ಕಾರದ ಕೇಸಿನಲ್ಲಿ, ಸಿಡಿಯಲ್ಲಿ ಹಾಕಿ ಮಾರುವ ಸಿದ್ಧ ಸಾಫ್ಟ್‌ವೇರ್ ಒಂದು ಸರಕು, ಅದಕ್ಕೆ ಮಾರಾಟ ತೆರಿಗೆ ಹಾಕಬಹುದು ಅಂತ ತೀರ್ಪು ಕೊಟ್ಟಿತ್ತು. ನಾಲ್ಕು ವರ್ಷ ಕಳೆಯುವುದರೊಳಗೆ, 2008ರ ಮೇನಲ್ಲಿ, ಸಾಫ್ಟ್‌ವೇರ್ ಸೇವೆ ಅಂತ ಸರ್ವಿಸ್ ಟ್ಯಾಕ್ಸೂ ಬಂತು. ಸರಕೋ ಸೇವೆಯೋ ಅನ್ನೋದು ದಿಲ್ಲಿಯಲ್ಲೇ ಇತ್ಯರ್ಥ ಆಗಿರಲಿಲ್ಲ, ಅಡಿಕೆ ಮಂಡಿಯಲ್ಲಿ ಹೇಗೆ ಆಗುತ್ತೆ?

ಈಗ ಯೋಚಿಸಿದರೆ ತಪ್ಪು ನಮ್ಮದೇ ಅನಿಸುತ್ತದೆ. ನಮ್ಮ ಹಳೇ ಬಿಲ್ ಬುಕ್ ಇನ್ನೂ ಇದೆ. ಎಲ್ಲ ಬಿಲ್ಲಿನಲ್ಲೂ ಒಂದೇ ಸಾಲು: “ಸಿಡಿ, 1 ನಂಬರ್, 2,500.” ಬಸ್ಸಿನಲ್ಲಿ ಹೋಗಿ ಎರಡು ದಿನ ಗುಮಾಸ್ತರಿಗೆ ಕಲಿಸಿದ್ದು ಅದರಲ್ಲಿಲ್ಲ. ರಾತ್ರಿ ಹತ್ತಕ್ಕೆ ಫೋನಿನಲ್ಲಿ ಪ್ರಿಂಟರ್ ಸರಿ ಮಾಡಿಸಿದ್ದೂ ಇಲ್ಲ. ಸಿಡಿ ಅಂತ ನಾವೇ ಬರೆದುಕೊಟ್ಟ ಮೇಲೆ ಅವರು ಸಿಡಿಯ ರೇಟನ್ನೇ ಕೇಳಿದರು. ಈಗಿನ ಹುಡುಗರು ತಿಂಗಳಿಗಿಷ್ಟು ಅಂತ ಬಾಡಿಗೆ ತಗೊಳ್ಳೋದನ್ನು ಕಂಡರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೊಡೋದು ನಿಲ್ಲಿಸಿದ ದಿನ ಗಿರಾಕಿಯ ಲೆಕ್ಕಕ್ಕೇ ಬಾಗಿಲು ಬೀಳುತ್ತೆ. ಆದರೆ ಅವರು ಪ್ಲಾಸ್ಟಿಕ್ ಮಾರುತ್ತಿಲ್ಲ, ಅಷ್ಟರಮಟ್ಟಿಗೆ ಅವರು ನಮಗಿಂತ ಜಾಣರು.

ಹೋದ ತಿಂಗಳು ಸಾಗರದ ಯಜಮಾನರ ಮಗ ಫೋನ್ ಮಾಡಿದ್ದರು. ಹಳೇ ಕಂಪ್ಯೂಟರ್ ಸತ್ತಿದೆ, ಹಳೇ ಲೆಕ್ಕ ತೆಗೆಯಬೇಕು, ಸಿಡಿ ಇದೆ ಅಂದರು. ಕಳಿಸಿಕೊಟ್ಟರು. ನನ್ನ ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ಲ, ಹೊರಗಿನದ್ದೊಂದು ಕೊಂಡೆ. ಸಿಡಿ ಮೇಲೆ ಯಾರೋ ಬಾಲ್ ಪೆನ್ನಿನಲ್ಲಿ ಒತ್ತಿ “ಮಂಡಿ” ಅಂತ ಬರೆದಿದ್ದರು. ಡೇಟಾ ಇರೋದು ಆ ಹೆಸರು ಬರೆಯುವ ಬದಿಯ ತೆಳ್ಳಗಿನ ಪದರದ ಕೆಳಗೇ. ಅಕ್ಷರ ಇದ್ದ ಕಡೆ ಬೆಳ್ಳಿ ಪೊರೆ ಎದ್ದು ಬರುತ್ತಿತ್ತು. ಕೊನೆಗೆ ನನ್ನ ಹಳೇ ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಸಿಕ್ಕಿತು. ಹೊಸ ವಿಂಡೋಸಿಗೆ ಹೊಂದಿಸಲು ಎರಡು ರಾತ್ರಿ ಹಿಡಿಯಿತು. ಲಿಂಕ್ ಕಳಿಸಿ ಮೂರು ಸಾವಿರ ಅಂದೆ.

“ಸಿಡಿನೂ ಕೊಡಲ್ಲ ಅಂದ್ರೆ ದುಡ್ಡು ಯಾವುದಕ್ಕೆ ಸಾರ್?”

ಈ ಸಲ ಬಿಲ್ಲಿನಲ್ಲಿ “ಕೆಲಸ, ಎರಡು ರಾತ್ರಿ” ಅಂತ ಬರೆದು ಕಳಿಸಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.